ಕಾಗದದ ಸಾಕ್ಷಿ

ಓಡಿದ ಎಂಜಿನ್ನಿಗೆ ಕೀರ್ತಿ. ಓಟವನ್ನು ಅಳೆದ ಗಾಡಿಯನ್ನು ಕೇಳುವವರಿಲ್ಲ. ಲೋಕದ ರೀತಿಯೇ ಹೀಗೆ.

ಇಂಗ್ಲೆಂಡಿನ ಈಶಾನ್ಯ ರೈಲ್ವೆಯವರು 1906ರಲ್ಲಿ ಡೈನಮೋಮೀಟರ್ ಗಾಡಿಯೊಂದನ್ನು ಕಟ್ಟಿಸಿದರು. ಹೊರನೋಟಕ್ಕೆ ಅದು ಸಾಧಾರಣವಾದ ಮರದ ಗಾಡಿ. ಪರೀಕ್ಷೆಯ ದಿನ ಅದನ್ನು ಎಂಜಿನ್ನಿನ ಬೆನ್ನಿಗೇ ಜೋಡಿಸುವರು. ಎಂಜಿನ್ನು ಎಳೆದಂತೆ ಒಳಗಿನ ಭಾರಿ ಸ್ಪ್ರಿಂಗು ಬಾಗುವುದು. ಹಳಿಗೆ ಇಳಿಬಿಟ್ಟ ಪ್ರತ್ಯೇಕ ಚಕ್ರವು ದೂರವನ್ನು ಅಳೆಯುವುದು. ಗಡಿಯಾರವು ಕಾಲವನ್ನು ತಿಳಿಸುವುದು. ಈ ಮೂರನ್ನೂ ಲೇಖನಿಗಳು ಉರುಳುವ ಕಾಗದದ ಮೇಲೆ ಗೆರೆಗಳಾಗಿ ಬರೆಯುವುವು.

1938ರ ಜುಲೈ 3ರಂದು ‘ಮ್ಯಾಲಾರ್ಡ್’ ಎಂಬ ಉಗಿ ಎಂಜಿನ್ನು ಇಳಿಜಾರಿನಲ್ಲಿ ಧಾವಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದಾಗ ಸಾಕ್ಷಿಯಾದುದು ಇದೇ ಗಾಡಿ. ಆ ಕಾಗದದಲ್ಲಿ ವೇಗವು ಗಂಟೆಗೆ 125 ಮೈಲಿ; ಕ್ಷಣಮಾತ್ರ 126 ಎಂದು ಓದಿದವರೂ ಉಂಟು. ಜಗತ್ತು 126ನ್ನೇ ಕೊಂಡಾಡಿತು. ಎಂಜಿನ್ನನ್ನು ರೂಪಿಸಿದ ಸರ್ ನೈಜೆಲ್ ಗ್ರೆಸ್ಲಿಯವರು ಮಾತ್ರ ಆ ಹೆಚ್ಚಿನ ಒಂದು ಮೈಲಿಯನ್ನು ಒಪ್ಪಲಿಲ್ಲ!

ಪರೀಕ್ಷೆಗಳು ಮುಗಿದೊಡನೆ ಒಂದು ಅಂಕಕ್ಕಾಗಿ ಮನೆಬಾಗಿಲಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಈ ಕಥೆಯನ್ನು ಹೇಳುತ್ತೇನೆ. ಅವರು ಭಕ್ತಿಯಿಂದ ಕೇಳಿ, ತಲೆದೂಗಿ, “ಆದರೂ ಸಾರ್, ಒಂದೇ ಅಂಕ...” ಎನ್ನುತ್ತಾರೆ.

ತನಗೆ ಸಲ್ಲುವ ಕೀರ್ತಿಯಲ್ಲೇ ಒಂದು ಮೈಲಿಯನ್ನು ಬಿಟ್ಟುಕೊಟ್ಟವರನ್ನು ನೆನೆದ ಮೇಲೆ, ಇಲ್ಲದ ಅಂಕವನ್ನು ಬರೆಯಲು ನನ್ನ ಲೇಖನಿಗೆ ಧೈರ್ಯವೆಲ್ಲಿ ಬರಬೇಕು?