ಉಮ್ಮನಿಗೆ ಬೇಕಿರುವುದು ಉಪದೇಶವಲ್ಲ

ಮದ್ರಸದಲ್ಲಿ ಕಲಿಸುವ ನಾವು ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೆಸರು ಕರೆದರೆ ತಿರುಗಿ ನೋಡದ, ಮಕ್ಕಳೆಲ್ಲ ಗಟ್ಟಿಯಾಗಿ ಓದಲು ಶುರು ಮಾಡಿದರೆ ಕಿವಿ ಮುಚ್ಚಿ ಕಿರುಚುವ ಮಗು ಬಂದಾಗ, 'ಸ್ವಲ್ಪ ದೊಡ್ಡವನಾದ ಮೇಲೆ ಕರ್ಕೊಂಡು ಬನ್ನಿ' ಎಂದು ವಾಪಸ್ ಕಳಿಸಿದವರು ನಾವೇ. ಆ ಉಮ್ಮ ಏನು ಹೊತ್ತುಕೊಂಡು ಮನೆಗೆ ಹೋದರು ಎಂದು ನಾವು ಯೋಚಿಸಲಿಲ್ಲ.

ಗಂಡ ಗಲ್ಫ್‌ನಲ್ಲಿ. ರಾತ್ರಿ ಮಗು ನಿದ್ದೆ ಮಾಡುವುದಿಲ್ಲ, ಹಗಲು ಒಂದು ಕ್ಷಣ ಕಣ್ಣು ತಪ್ಪಿದರೆ ರಸ್ತೆಗೆ ಓಡುತ್ತದೆ. ಮದುವೆ ಹಾಲ್‌ಗೆ ಹೋದರೆ ಎಲ್ಲರ ಕಣ್ಣು ಅವರ ಮೇಲೆ. 'ಮೊಬೈಲ್ ಕೊಟ್ಟು ಹೀಗೆ ಮಾಡಿದ್ದು', 'ಊದಿಸಲಿಲ್ವಾ?' ಎಂಬ ಮಾತುಗಳು. 'ನಾನು ಹೋದ ಮೇಲೆ ಇವನಿಗೆ ಯಾರು?' ಎಂಬ ಪ್ರಶ್ನೆಯನ್ನು ಅವರು ಯಾರ ಹತ್ತಿರವೂ ಹೇಳುವುದಿಲ್ಲ.

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ವಿವರವಾಗಿ ಬರೆದರು. ಮುಂದೆ ಕೆಲವು ದಶಕ, ತಾಯಿ ಪ್ರೀತಿ ತೋರದ್ದೇ ಇದಕ್ಕೆ ಕಾರಣ ಎಂದು ವೈದ್ಯರೇ ದೂರಿದ್ದರು. ಅದು ಸುಳ್ಳೆಂದು ತಿಳಿದು ಎಷ್ಟೋ ಕಾಲವಾಯಿತು. ಇದು ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ವೈದ್ಯರು ಕೈಬಿಟ್ಟ ಮಾತನ್ನು ನಮ್ಮ ಜಗಲಿಗಳು ಮಾತ್ರ ಬಿಟ್ಟಿಲ್ಲ.

'ಸಬರ್ ಮಾಡಿ' ಎನ್ನುವುದು ಸುಲಭ. ಆದರೆ ನಮಾಝ್‌ನಲ್ಲಿ ನಿಂತಿದ್ದಾಗ ಮಗುವಿನ ಅಳು ಕೇಳಿದರೆ ಪ್ರವಾದಿಯವರು (ಸ) ತಾಯಿಯ ಸಂಕಟ ನೆನೆದು ನಮಾಝನ್ನೇ ಚಿಕ್ಕದು ಮಾಡುತ್ತಿದ್ದರು. ಇದನ್ನು ಮಕ್ಕಳಿಗೆ ಕಲಿಸುವ ನಾವು ಆ ತಾಯಿಗಾಗಿ ಏನನ್ನು ಚಿಕ್ಕದು ಮಾಡಿದ್ದೇವೆ?

ಜಮಾಅತ್‌ಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡ್‌ಗೆ, 1 ಲಕ್ಷ ರೂ. ತನಕದ 'ನಿರಾಮಯ' ಆರೋಗ್ಯ ವಿಮೆಗೆ ಅರ್ಜಿ ತುಂಬಿಸಿ, ಆ ಉಮ್ಮನ ಬದಲು ಕಚೇರಿಗೆ ಅಲೆಯಲು ನಮ್ಮ ಯುವಕರಿಗೆ ಆಗದೇ? ವಾರಕ್ಕೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳಲು ಅಕ್ಕಪಕ್ಕದ ಹೆಂಗಸರಿಗೆ ಆಗದೇ? ಆ ಹೊತ್ತಲ್ಲಿ ಅವರು ಮಲಗಲಿ, ಸಾಕು. ಮನಸ್ಸು ತೀರಾ ಕುಗ್ಗಿದ್ದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಹಗಲೂ ರಾತ್ರಿಯೂ ಉಚಿತ. ಈಮಾನ್ ಕಡಿಮೆಯಾಗಿ ಬರುವ ಕಾಯಿಲೆಯಲ್ಲ ಅದು.

ನಾವು ವಾಪಸ್ ಕಳಿಸಿದ ಮಗುವಿಗೆ ಮದ್ರಸದಲ್ಲಿ, ಸದ್ದು ಕಡಿಮೆ ಇರುವ ಮೂಲೆಯಲ್ಲಿ ಜಾಗ ಮಾಡಬೇಕಿದೆ. ಅರ್ಧ ಗಂಟೆ ಕೂತರೂ ಸರಿ. ಹೋಗಿ ಕರೆಯಬೇಕಾದವರು ನಾವು.