ಬಟ್ಟೆ ಹಿಂಡಿದರೆ ಸಾಲದು

ಕೋಲ್ಕತ್ತದ ಕಾಳಿಘಾಟ್ ದೇಗುಲದ ಪಕ್ಕದಲ್ಲಿರುವ ನಿರ್ಮಲ ಹೃದಯ, ದಿಕ್ಕಿಲ್ಲದ ರೋಗಿಗಳ ಕೊನೆಗಾಲಕ್ಕೆಂದು ಮದರ್ ತೆರೇಸಾ 1952ರಲ್ಲಿ ತೆರೆದ ಆಶ್ರಯಧಾಮ. ಇಲ್ಲಿ ವಾರವೊಪ್ಪತ್ತು ದುಡಿಯುವ ಪ್ರವಾಸಿಗರೇ ನಗರದ ಬಡವರಿಗೆ ಆಸರೆ ಎಂಬ ಪ್ರಕಟಿತ ಅಭಿಪ್ರಾಯ ಅತಿಶಯದ ಮಾತು. ಸ್ವಯಂಸೇವಕರು ಬಟ್ಟೆ ಹಿಂಡುತ್ತಾರೆ, ಪಾತ್ರೆ ತೊಳೆಯುತ್ತಾರೆ, ತುತ್ತು ಉಣಿಸುತ್ತಾರೆ. ಬೇಕಾದ ಕೆಲಸವೇ, ಅನುಮಾನವಿಲ್ಲ. ಆದರೆ ಹುಣ್ಣಿನ ಆರೈಕೆಗೆ, ನೋವು ತಗ್ಗಿಸಲು ತರಬೇತಿ ಬೇಕು. ಅಲ್ಲಿ ಪ್ರಬಲ ನೋವುನಿವಾರಕಗಳಿಲ್ಲದ್ದನ್ನು ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲೇ ಎತ್ತಿ ತೋರಿಸಿದ್ದರು. ಬಂಗಾಳಿ ಬಾರದವರಿಗೆ ರೋಗಿ ನೀರು ಕೇಳಿದ್ದೂ ತಿಳಿಯದು. ಅದೇ ಅಭಿಪ್ರಾಯ ಬರೆದವರು ನಗರದ ನೂಕುನುಗ್ಗಲಿನ ಪ್ರಯಾಣವನ್ನೂ ಬಡತನದ ಪ್ರದರ್ಶನವೆಂದು ಬಣ್ಣಿಸಿದ್ದಂತೂ ಅಸಂಗತ: ದೇಶದ ಮೊದಲ ಮೆಟ್ರೋ 1984ರಲ್ಲಿ ಓಡಿದ್ದು ಈ ಊರಲ್ಲೇ, ಅದರಲ್ಲಿ ಜೋತುಬಿದ್ದು ಸಾಗುವವರು ಕಚೇರಿಗೆ, ಕಾಲೇಜಿಗೆ ಹೊರಟವರು. ವಾರದ ಅತಿಥಿಗಿಂತ ತಿಂಗಳುಗಟ್ಟಲೆ ನಿಲ್ಲುವ, ಭಾಷೆ ಬಲ್ಲ ದಾದಿಯ ಅಗತ್ಯವೇ ಇಂಥ ಕಡೆ ಹೆಚ್ಚು.