ಒಂದೇ ಹಿಟ್ಟಿನ ನಾಲ್ಕು ಕಾರು

ಪುಣೆಯಲ್ಲಿದ್ದೀನಿ ಅಂದ ತಕ್ಷಣ ಊರಿನವರ ಪ್ರಶ್ನೆ: "ಸ್ಕೋಡಾ ಕುಶಾಕ್ ತಗೊಳ್ಳೋದಾ, ಫೋಕ್ಸ್‌ವ್ಯಾಗನ್ ಟೈಗುನ್ನಾ?" ಹತ್ತಿರ ಯಾವ ಸರ್ವೀಸ್ ಸೆಂಟರ್ ಇದೆಯೋ ಅದನ್ನೇ ತಗೊಳ್ಳಿ ಸ್ವಾಮಿ! ಎರಡೂ ಹುಟ್ಟಿದ್ದು ಇಲ್ಲೇ ಚಾಕಣ್‌ನಲ್ಲಿ. 2021ರ ಈ ಜೋಡಿಗೂ 2022ರ ಸ್ಲಾವಿಯಾ, ವರ್ಟಸ್‌ಗೂ ತಳಪಾಯ ಒಂದೇ, ಟರ್ಬೊ ಎಂಜಿನ್‌ಗಳು ಅವೇ, ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರವೂ ಅದೇ 2651 ಮಿಲಿಮೀಟರ್. ಒಂದೇ ಹಿಟ್ಟಲ್ಲಿ ದೋಸೆ, ಪಡ್ಡು, ಉತ್ತಪ್ಪ ಹುಯ್ದ ಹಾಗೆ.

"ಹಾಗಾದ್ರೆ ಮೋಸ ಅಲ್ವಾ?" ಅಂತಾರೆ. ಮೋಸ ಏನಿಲ್ಲ. ಅಚ್ಚು, ಪರೀಕ್ಷೆಗಳ ಖರ್ಚು ನಾಲ್ಕಕ್ಕೂ ಹಂಚಿಹೋಗದಿದ್ದರೆ ಇವುಗಳಲ್ಲಿ ಎರಡು ಹುಟ್ಟುತ್ತಲೇ ಇರಲಿಲ್ಲವೇನೋ.

ನನ್ನ ತಕರಾರೇ ಬೇರೆ. ಹಿಟ್ಟು ಹುಳಿಯಾದರೆ ಎಲ್ಲವೂ ಕೆಟ್ಟಂತೆ. ತಕಾತಾ ಏರ್‌ಬ್ಯಾಗ್ ನೆನಪಿದೆಯಾ? ಕಾಪಾಡಬೇಕಾದದ್ದೇ ಸಿಡಿದು ಲೋಹದ ಚೂರು ಎರಚಿ ಜನ ಸತ್ತರು. ಹತ್ತಾರು ಕಂಪನಿಗಳ ಕಾರುಗಳಲ್ಲಿ ಅದೇ ಕೂತಿತ್ತು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ವಾಪಸ್ ಕರೆಸಬೇಕಾಯಿತು.

ಆದ್ದರಿಂದ ಯಾವ ಭಾಗ ಯಾವ್ಯಾವ ಕಾರಿನಲ್ಲಿದೆ ಅಂತ ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಅಚ್ಚು ಹಾಕಲಿ. ಒಂದನ್ನು ವಾಪಸ್ ಕರೆಸಿದ ದಿನ ಉಳಿದ ಮೂವರು ಮಾಲೀಕರೂ ಹೋಗಿ "ನಮ್ಮದೇನ್ರೀ?" ಅಂತ ಕೇಳಬಹುದು. ಬಿಡಿಭಾಗದ ಬೆಲೆಯನ್ನೂ ಹೋಲಿಸಬಹುದು... ಅದು ಮುದ್ರಣವಾಗದಿರೋಕೆ ಇದೇ ಕಾರಣ ಇರಬಹುದಾ?